ಎಡಗೆನ್ನೆಯ ಅರಿಶಿನ

೧೭-೩-೧೯೭೨, ಶುಕ್ರವಾರ

ದೊಡ್ಡಬಳ್ಳಾಪುರದಿಂದ ಬೆಂಗಳೂರಿನ ಆಸ್ಪತ್ರೆಯವರೆಗೂ ಬಸ್ಸಿನಲ್ಲಿ ಅಮ್ಮನ ಮೇಲೆ ಗೊಣಗುತ್ತಲೇ ಹೋದೆ. ಬಾಯಿ ಕ್ಯಾನ್ಸರಿಗೆ ಕೊಡುವ ಕೋಬಾಲ್ಟ್ ಮಿಷನ್ನಿನ ಕಿರಣ ಎಲ್ಲಿ ಬೀಳಬೇಕೆಂದು ಡಾಕ್ಟರು ಅವಳ ಎಡಗೆನ್ನೆಯ ಮೇಲೆ ನೇರಳೆ ಗೆರೆ ಎಳೆದಿದ್ದರು. ನೀರು ಸೋಕಿಸಬೇಡಿ ಎಂದೂ ಹೇಳಿದ್ದರು. ಇವತ್ತು ಶುಕ್ರವಾರವೆಂದು ಅರಿಶಿನ ಹಚ್ಚಿ, ಉಜ್ಜಿ ತೊಳೆದುಕೊಂಡುಬಿಟ್ಟಿದ್ದಾಳೆ!

ಡಾಕ್ಟರು ಬೈದರು. ಹೊಸ ಗೆರೆ ಹಾಕಲೆಂದು ಬಾಯೊಳಗೆ ಬೆರಳಿಟ್ಟು ನೋಡಿದವರು ಇನ್ನೊಮ್ಮೆ ಒತ್ತಿ ನೋಡಿದರು.

"ಗಂಗಲಕ್ಷ್ಮಮ್ನೋರೆ, ಗಡ್ಡೆ ಅರ್ಧಕ್ಕರ್ಧ ಇಳಿದಿದೆ. ಅವತ್ತು ಗಡ್ಡೆ ದೊಡ್ಡದಿತ್ತು, ರೇಡಿಯಂ ಸೂಜಿ ಸಾಲ್ತಿರಲಿಲ್ಲ. ಕೋಬಾಲ್ಟ್ ಮುಗೀಲಿ, ಉಳಿದಷ್ಟಕ್ಕೆ ಸೂಜಿ ಇಡೋಣ."

ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದೆ. ಕೋಬಾಲ್ಟ್ ಹೊರಗಿನಿಂದ ಅಗಲಕ್ಕೆ ಬೀಳುತ್ತದಂತೆ. ರೇಡಿಯಂ ಗಡ್ಡೆಯೊಳಗೇ ಕೂತು ಅಷ್ಟು ಜಾಗವನ್ನು ಮಾತ್ರ ಸುಡುತ್ತದಂತೆ.

"ಹಂಗಾದ್ರೆ ಅದು ಸೀರೆ ಒಡಲು ನೇಯ್ದಂಗೆ, ಇದು ಬುಟ್ಟಾ ಹೂ ಹಾಕ್ದಂಗೆ ಅನ್ನಿ," ಎಂದಳು ಮಗ್ಗ ನೇಯುವ ನಮ್ಮಮ್ಮ. ಡಾಕ್ಟರು ಬೈದದ್ದನ್ನು ಮರೆತು ನಕ್ಕರು.

ಹೊಸ ಗೆರೆ ಮೊದಲಿನದಕ್ಕಿಂತ ಚಿಕ್ಕದು. ರಾತ್ರಿ ಮನೆಗೆ ಬಂದು ಅಮ್ಮ ಈಗಷ್ಟೇ ಅದಕ್ಕೆ ಕೈಯೂ ತಾಗಿಸದೆ ಒರಗಿಕೊಂಡಳು.

"ಬರೋ ಶುಕ್ರವಾರ ಬಲಗೆನ್ನೆಗೆ ಮಾತ್ರ ಅರಿಶಿನ ಹಚ್ಕೋತೀನಿ ಕಣೋ. ಎಡಗೆನ್ನೇದು ಬಾಕಿ ಇರ್ಲಿ, ವಾಸಿಯಾದ ಮೇಲೆ ಎಲ್ಲಾ ಸೇರಿಸಿ ಹಚ್ಕೋತೀನಿ."

ಕಾಯಿಲೆ ಗೊತ್ತಾದಂದಿನಿಂದ ‘ವಾಸಿಯಾದ ಮೇಲೆ’ ಎಂಬ ಮಾತು ಅವಳ ಬಾಯಲ್ಲಿ ಬಂದಿದ್ದು ಇದೇ ಮೊದಲು. ನನಗೆ ನಿದ್ದೆಗೆ ಕಣ್ಣು ಎಳೆಯುತ್ತಿದೆ, ಆದರೂ ಇದನ್ನು ಬರೆದಿಟ್ಟೇ ಮಲಗುತ್ತೇನೆ.