ಗೆಬ ಊರಿನ ಹೊಲ

ಬಾಬೆಲಿನ ಕೆಬಾರ್ ಕಾಲುವೆಯ ದಂಡೆಯಿಂದ

ಚಿಕ್ಕಪ್ಪ ಶೆಲೆಮ್ಯನವರೇ, ನಿಮ್ಮ ಮನೆಗೆ ಸಮಾಧಾನವಿರಲಿ.

‘ಗೆಬದ ಮಣ್ಣು ತನ್ನ ಮಕ್ಕಳನ್ನು ಮರೆಯದು’ ಎಂದೇನೋ ಅಪ್ಪ ಹಾಡುತ್ತಿದ್ದರು. ಮರೆಯದ ಮಣ್ಣು, ನಮ್ಮವರನ್ನು ಬಾಬೆಲಿಗೆ ಸೆರೆ ಒಯ್ದಾಗ ಸುಮ್ಮನೆ ಏಕೆ ನೋಡುತ್ತಿತ್ತು?

ತೀರಿಹೋದ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲವಾದ್ದರಿಂದ ತಾಯ್ನಾಡಿನ ಗೆಬದಲ್ಲಿರುವ ಆ ಹೊಲ ನನ್ನದು. ಹೊಲ ನಮ್ಮ ಬೆನ್ಯಾಮೀನ ಕುಲದಲ್ಲೇ ಉಳಿಯಬೇಕಾದ್ದರಿಂದ ನಾನು ನಿಮ್ಮ ಮಗನನ್ನೇ ಮದುವೆಯಾಗಬೇಕು ಎನ್ನುತ್ತೀರಿ. ನಾನೂ ಅವನೂ ಹುಟ್ಟಿದ್ದು ಇಲ್ಲಿ. ಆ ಹೊಲವನ್ನು ಕಂಡವರೇ ಅಲ್ಲ. ಈಗ ಅಲ್ಲಿ ಯಾರ ಮೇಕೆಗಳು ಮೇಯುತ್ತಿವೆಯೋ! ಯೆಹೂದ ಕುಲದ ಅಸ್ಸೀರನನ್ನು ಮದುವೆಯಾಗುತ್ತೇನೆಂದರೆ, “ಹೊಲಾನ ಬೇರೆ ಕುಲಕ್ಕೆ ಧಾರೆ ಎರೀತೀಯೇನೇ?” ಎಂದು ಬೈದಿರಿ.

ಹಕ್ಕು ಬಿಡುವವರು ಹಿರಿಯರ ಮುಂದೆ ಕಾಲಿನ ಕೆರ ಬಿಚ್ಚಿ ಕೊಡುವುದು ನಮ್ಮ ಪದ್ಧತಿ. ನೀವೋ ಹಿರಿಯರನ್ನು ಸೇರಿಸುವುದನ್ನು ಮುಂದೂಡುತ್ತಲೇ ಇದ್ದೀರಿ. ಅದಕ್ಕೇ ನನ್ನ ಒಂದು ಕೆರವನ್ನು ಈ ಓಲೆಯ ಜೊತೆ ಕಳಿಸಿದ್ದೇನೆ. ದಯವಿಟ್ಟು ಅವರ ಮುಂದಿಡಿ. ಹೊಲ ನಿಮ್ಮದೇ, ಮದುವೆ ಮಾತ್ರ ನನ್ನದು. ಚಿಕ್ಕಮ್ಮನ ಮಂಡಿನೋವಿಗೆ ಎಳ್ಳೆಣ್ಣೆಯನ್ನೂ ಇಟ್ಟಿದ್ದೇನೆ.

ನಿಮ್ಮ ಅಣ್ಣನ ಮಗಳು,
ಹಮೂಟಲ್

ಹಮೂಟಲ್ ಕೆರವನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಾಗ, ಪಕ್ಕದ ಮನೆಯ ಬಾಬೆಲಿನ ಮುದುಕಿ ನನಾಯ ಬಾಗಿಲಲ್ಲಿ ನಿಂತು ಹೇಳಿದಳು: “ಎರಡನ್ನೂ ಕಳ್ಸೇ ಹುಡುಗಿ. ಅಷ್ಟು ದೂರದ ಹೊಲಕ್ಕೆ ನಿಮ್ಮ ಚಿಕ್ಕಪ್ಪ ನಡ್ಕೊಂಡು ಹೋಗ್ಬೇಡ್ವಾ!”