ತೊಟ್ಟಿಲ ಹಿಂದೆ ಬಿದ್ದ ತಟ್ಟೆ

ಶ್ರೀರಂಗಪಟ್ಟಣ
ಭಾನುವಾರ, 16 ನವೆಂಬರ್ 2025

ಪ್ರೀತಿಯ ರಮ್ಯಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಮೊನ್ನೆ ಫೋನಿನಲ್ಲಿ ಇದನ್ನೇ ಕೇಳಿದಾಗ ನೀನು "ಆಂ? ಆಂ?" ಅಂದೆಯೇ ಹೊರತು ಉತ್ತರ ಬರಲಿಲ್ಲ. ಕಿವಿಯೊಳಗೆ ಹತ್ತಿ, ಮೇಲೆ ಬಿಗಿದು ಕಟ್ಟಿದ ವಸ್ತ್ರ, ಅದರ ಮೇಲೆ ಫೋನು. ನಿನಗೆ ಕೇಳಿಸುವುದಾದರೂ ಹೇಗೆ. ಸಾಲದ್ದಕ್ಕೆ ನಿಮ್ಮ ದೊಡ್ಡತಾಯಜ್ಜಿ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂತಿರುತ್ತಾರೆ. ಬಾಣಂತಿ ನೋಡಿದರೆ ಕಣ್ಣು ಹಾಳಾಗುತ್ತದೆ ಎಂದು ಫೋನನ್ನು ದಿನವಿಡೀ ಅಟ್ಟದ ಮೇಲೆ ಇಡುವ ಮನೆಗೆ ಗಂಡನಾದವನು ಕಾಗದವನ್ನೇ ಬರೆಯಬೇಕು. ಅರಕೆರೆಯ ಮಗಳ ಮನೆಗೆ ಬಂದಿರುವ ನಿಮ್ಮ ದ್ಯಾವಯ್ಯ ಮಾವ ಇವತ್ತು ಮಧ್ಯಾಹ್ನ ಬೂಕನಕೆರೆಗೆ ವಾಪಸು ಹೋಗುತ್ತಾರಂತೆ. ದಾರಿಯಲ್ಲಿ ಇಳಿದು ಕಾಗದ ತೆಗೆದುಕೊಂಡು ಹೋಗುತ್ತೇನೆ ಎಂದಿದ್ದಾರೆ. ಇದನ್ನು ಒಬ್ಬಳೇ ಇರುವಾಗ ಓದು. ಅಜ್ಜಿ ಏನೆಂದು ಕೇಳಿದರೆ ಗ್ಯಾಸ್ ಸಿಲಿಂಡರಿನ ವಿಷಯ ಅನ್ನು. ಮೂರು ತಿಂಗಳಿಂದ ಅದೇ ಮೆಣಸಿನ ಸಾರು ತಿಂದು ನಾಲಿಗೆ ಕೆಟ್ಟಿದೆ ಅಂದಿದ್ದೆಯಲ್ಲ, ಇನ್ನು ಸ್ವಲ್ಪ ದಿನ ತಡೆದುಕೋ. ಇಲ್ಲಿಗೆ ಬಂದ ಮೇಲೆ ನಾನು ಮಾಡುವ ಸಾರು ತಿಂದರೆ ಅದೇ ವಾಸಿ ಅನ್ನಿಸಬಹುದು.

ಇಲ್ಲಿ ನಾನು ಚೆನ್ನಾಗಿದ್ದೇನೆ. ಕಾಗದದಲ್ಲಿ ಹಾಗೆ ಬರೆಯುವುದು ರೂಢಿ, ಬರೆದಿದ್ದೇನೆ. ರೂಮಿನಲ್ಲಿದ್ದ ನನ್ನ ಮೇಜು, ಕಂಪ್ಯೂಟರು, ಕೀಬೋರ್ಡು, ಎರಡು ಸ್ಪೀಕರು ಎಲ್ಲವೂ ಈಗ ಹಾಲಿಗೆ ಬಂದಿವೆ. ರೂಮು ನಿನಗೆ ಮತ್ತು ಮೇಘನಳಿಗೆ. ತೊಟ್ಟಿಲಿಗೆ ಸೂರಿನಲ್ಲಿ ಕೊಂಡಿ ಹಾಕಿಸಿದೆ. ಓನರ್ ಸಿದ್ದಲಿಂಗಮ್ಮ ಬಂದು ಅದಕ್ಕೆ ಹಗ್ಗ ಕಟ್ಟಿ ಜಗ್ಗಿ ನೋಡಿ, "ಗಟ್ಟಿಯಾಗದೆ ಕಣಪ್ಪ, ನೀನೇ ಮನೀಕಂಡ್ರೂ ತಡೀತದೆ" ಅಂದರು. ಫ್ರಿಜ್ಜಿನ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ: ಬೆಳಗ್ಗೆ ಐದರಿಂದ ಏಳು ಸಂಗೀತ, ಏಳರಿಂದ ಒಂಬತ್ತು ಮಗುವಿನ ಬಟ್ಟೆ ಮತ್ತು ಅಡುಗೆ, ಒಂಬತ್ತೂವರೆಗೆ ಸೇವಾ ಕೇಂದ್ರ. ಅಂಟಿಸಿದ ಮೇಲೆ ಹೊಳೆಯಿತು, ಮಗು ಐದಕ್ಕೇ ಎದ್ದು ಅತ್ತರೆ ಏನು ಎಂಬುದಕ್ಕೆ ಅದರಲ್ಲಿ ಜಾಗವೇ ಇಲ್ಲ.

ಕೆಲಸದಲ್ಲೂ ಮನಸ್ಸು ನಿಲ್ಲುತ್ತಿಲ್ಲ. ಮಂಗಳವಾರ ಕೌಂಟರಿನಲ್ಲಿ ಒಬ್ಬರ ಪಹಣಿಯನ್ನು ಇನ್ನೊಬ್ಬರ ಕೈಗೆ ಕೊಟ್ಟುಬಿಟ್ಟೆ. ಇಬ್ಬರೂ ಓದದೆ ಮಡಚಿ ಜೇಬಿಗೆ ಸೇರಿಸಿ ಹೊರಟಿದ್ದರು. ಪಕ್ಕದ ಕೌಂಟರಿನ ಪ್ರಮೀಳಾ ಮೇಡಂ ಬಸ್ ಸ್ಟ್ಯಾಂಡಿನವರೆಗೆ ಓಡಿ ಅವರನ್ನು ಕರೆತಂದರು. ಬಂದು ಕೂತವರೇ, "ಮಗು ಬೂಕನಕೆರೇಲದೆ, ನಿದ್ದೆಗೆಟ್ಟ ಮಕ ನಿಂದು. ಏನಪ್ಪ ಸಮಾಚಾರ?" ಅಂದರು. ಏನಿಲ್ಲ ಮೇಡಂ ಅಂದೆ. ನಿನಗೂ ಮೂರು ವಾರದಿಂದ ಏನಿಲ್ಲ ಅಂತಲೇ ಹೇಳುತ್ತಾ ಬಂದಿದ್ದೇನೆ, ರಮ್ಯಾ. ಈ ಭಾನುವಾರ ಬರದೇ ಇದ್ದದ್ದಕ್ಕೆ ಕೆಲಸ ಬಾಕಿ ಇದೆ ಎಂದದ್ದು ಸುಳ್ಳು. ಬರಲು ಹೆದರಿಕೆಯಾಯಿತು.

ಯಾಕೆಂದು ಮೊದಲಿನಿಂದ ಹೇಳುತ್ತೇನೆ. ದೀಪಾವಳಿ ಆದ ಮೇಲಿನ ಭಾನುವಾರ ಬಂದಾಗ ತೊಟ್ಟಿಲ ಪಕ್ಕದಲ್ಲಿ ರೆಕಾರ್ಡರ್ ಇಟ್ಟಿದ್ದೆ, ನೆನಪಿದೆಯಲ್ಲ. ನಿಮ್ಮ ಮನೆಯ ಶಬ್ದಗಳಿಂದಲೇ ಮೇಘನಳಿಗೆ ಒಂದು ಟ್ರ್ಯಾಕು ಕಟ್ಟಬೇಕು ಅಂತ ಆಸೆ. ತೊಟ್ಟಿಲ ಸರಪಳಿಯ ಕಿರ್ ಕಿರ್ ತಾಳಕ್ಕೆ, ಕರುವಿನ ಗಂಟೆ ಮೇಲೆ, ಅವಳ ನಿದ್ದೆಯ ಉಸಿರು ಎಲ್ಲದರ ಕೆಳಗೆ. ಇಲ್ಲಿಗೆ ಬಂದು ಮೊದಲು ಮಾಡಿದ ಕೆಲಸ ಅದನ್ನು ಸ್ವಚ್ಛ ಮಾಡಿದ್ದು. ಮಾತು, ನಗು, ಕೆಮ್ಮು ಎಲ್ಲ ಕತ್ತರಿಸಿ ಉಸಿರು ಉಳಿಸಿಕೊಳ್ಳುತ್ತಾ ಹೋದೆ. ಕಂಪ್ಯೂಟರಿನಲ್ಲಿ ಶಬ್ದ ಕಣ್ಣಿಗೆ ಕಾಣುತ್ತದೆ, ನಿನಗೊಮ್ಮೆ ತೋರಿಸಿದ್ದೆ, ಸಣ್ಣದಕ್ಕೆ ಸಣ್ಣ ಗೆರೆ, ಜೋರಾದರೆ ಉದ್ದದ ಗೆರೆ. ಆರನೇ ನಿಮಿಷದಲ್ಲಿ ಪರದೆಯ ಮೇಲಿನಿಂದ ಕೆಳಗಿನವರೆಗೂ ಒಂದು ಗೆರೆ ಎದ್ದಿತ್ತು. ತೊಟ್ಟಿಲ ಹಿಂದೆಯೇ ಯಾರೋ ಸ್ಟೀಲ್ ತಟ್ಟೆ ಬೀಳಿಸಿದ್ದು. ಹೊರಗೆ ಕರು ಹೆದರಿ ಕೂಗಿದೆ. ಹತ್ತಿಯ ಕಿವಿಯ ನೀನೇ "ಯಾರವ್ವ ಅದು ಬೀಳ್ಸಿದ್ದು" ಅಂದಿದ್ದೀಯ. ಮೇಘನಳ ಉಸಿರು ಮಾತ್ರ ಮೊದಲು ಹೇಗಿತ್ತೋ ಆಮೇಲೂ ಹಾಗೇ ಇದೆ. ಒಂದು ಕೂದಲೆಳೆಯಷ್ಟೂ ಬೆಚ್ಚಿಲ್ಲ.

ಆ ಜಾಗವನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೆಡ್‌ಫೋನಿನಲ್ಲಿ ಕೇಳಿದೆ, ನಿಧಾನ ಮಾಡಿ ಕೇಳಿದೆ. ಹೋದ ಭಾನುವಾರ ಬಂದಾಗ ತೊಟ್ಟಿಲ ಹಿಂದೆ ನಿಂತು ಎರಡು ಸಲ ಚಪ್ಪಾಳೆ ತಟ್ಟಿದೆ. ನೊಣ ಹೊಡೀತಿದೀರಾ ಅಂತ ನೀನು ಕೇಳಿದೆ, ಹೂಂ ಅಂದೆ. ಕುಲಾವಿಯೊಳಗಿನ ಆ ಪುಟ್ಟ ಮುಖ ತಿರುಗಲಿಲ್ಲ. ಹೆರಿಗೆಯ ಆಸ್ಪತ್ರೆಯವರು ಕೊಟ್ಟ ಚೀಟಿ ತೆಗೆದು ನೋಡಿದರೆ ಕಿವಿ ಪರೀಕ್ಷೆ ಎಂದು ಅಚ್ಚಾಗಿರುವ ಕಡೆ ಖಾಲಿ. ಮೆಶಿನ್ ಕೆಟ್ಟಿದೆ, ತಿಂಗಳು ಬಿಟ್ಟು ಬನ್ನಿ ಅಂದಿದ್ದರು, ನಾವಿಬ್ಬರೂ ಮರೆತೆವು.

ಇನ್ನೊಂದು ಮಾತನ್ನು ಬರೆಯಲು ಕೈ ಬರುತ್ತಿಲ್ಲ. ನೀನು ಏಳು ತಿಂಗಳ ಬಸುರಿಯಾಗಿದ್ದಾಗ ದೊಡ್ಡ ಸ್ಪೀಕರಿಗೆ ಬೆನ್ನು ಕೊಟ್ಟು ಕೂತು ಬಟಾಣಿ ಬಿಡಿಸುತ್ತಿದ್ದೆ. ನಾನು ಬೇಸ್ ಜಾಸ್ತಿ ಮಾಡಿದಾಗ "ಒಳಗೆ ಕುಣೀತದೆ ಕಣ್ರೀ" ಅಂದೆ. ನನಗೆ ಎಷ್ಟು ಖುಷಿಯಾಯಿತೆಂದರೆ ಇನ್ನೂ ಜಾಸ್ತಿ ಮಾಡಿದೆ. ಒಂದಿನ ಹೆಡ್‌ಫೋನನ್ನೇ ನಿನ್ನ ಹೊಟ್ಟೆಯ ಮೇಲಿಟ್ಟೆ. ನನ್ನ ಹುಚ್ಚಿನಿಂದಲೇ ಮಗುವಿನ ಕಿವಿ ಹೋಯಿತೇನೋ ಎಂದು ಈ ಮೂರು ವಾರವೂ ತಲೆಯಲ್ಲಿ ಅದೇ ಓಡುತ್ತಿದೆ. ಟ್ರ್ಯಾಕು ಅಲ್ಲಿಗೇ ನಿಂತಿದೆ. ಕೇಳದ ಮಗುವಿಗೆ ಯಾರ ಹಾಡು ಯಾಕೆ ಅಂತ ಯೋಚಿಸಿ ಸ್ಪೀಕರಿನ ವೈರು ಕಿತ್ತಿಟ್ಟಿದ್ದೇನೆ. ನನಗೆ ಬಹಳ ಭಯವಾಗಿದೆ ರಮ್ಯಾ. ಒಬ್ಬನೇ ಇಟ್ಟುಕೊಂಡು ತಿರುಗುವುದಕ್ಕೆ ಇನ್ನು ಆಗುತ್ತಿಲ್ಲ.

ಬುಧವಾರ ಮೈಸೂರಿನಲ್ಲಿ ಕಿವಿ ಪರೀಕ್ಷೆಗೆ ಹೆಸರು ಬರೆಸಿದ್ದೇನೆ. ರಜೆ ಹಾಕಿ ಬೆಳಗ್ಗೆ ಎಂಟಕ್ಕೆ ಕಾರು ತರುತ್ತೇನೆ. ಐದು ತಿಂಗಳು ತುಂಬದೆ ಹೊಸಿಲು ದಾಟಬಾರದು ಅಂತ ಅಜ್ಜಿ ಅಡ್ಡ ನಿಲ್ಲುತ್ತಾರೆ. ಚುಚ್ಚುಮದ್ದು ಬಾಕಿ ಇದೆ ಅನ್ನು, ಅದಕ್ಕಾದರೆ ಬಿಡುತ್ತಾರೆ. ಅತ್ತೆಗೆ ಬೇಕಾದರೆ ನಿಜ ಹೇಳು, ಅಜ್ಜಿಗೆ ಬೇಡ. ನನ್ನ ಮೇಲೆ ಸಿಟ್ಟು ಬಂದರೆ ಕಾರಿನಲ್ಲಿ ಬಯ್ಯಿ, ಮೈಸೂರಿನವರೆಗೂ ದಾರಿ ಇದೆ.

ಅಜ್ಜಿಗೂ ಅತ್ತೆಗೂ ನನ್ನ ನಮಸ್ಕಾರ. ಮೇಘನಳ ಅಂಗಾಲಿಗೆ ನನ್ನದೊಂದು ಮುತ್ತು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಕಿಶನ್

ತಾ.ಕ.: ದ್ಯಾವಯ್ಯ ಮಾವ ಬಂದಾಯಿತು, ಕಾಫಿ ಕುಡಿಯುತ್ತಾ "ಬಸ್ ಓಯ್ತದೆ ಕಣ್ಲಾ, ಬಿರ್ರನೆ ಮುಗ್ಸು" ಅನ್ನುತ್ತಿದ್ದಾರೆ. ಬುಧವಾರ ಡಾಕ್ಟರಿಗೆ ಕೇಳಿಸಲು ಬೇಕಾಗಬಹುದೆಂದು ಈಗ ತಾನೇ ರೆಕಾರ್ಡಿಂಗಿನ ಮೂಲ ಪ್ರತಿ ತೆಗೆದೆ. ಕೆಲಸಕ್ಕೆ ಬಾರದ ಗಲಾಟೆ ಎಂದು ನಾನು ಗೆರೆ ನೋಡಿಯೇ, ಕೇಳದೆ ಕತ್ತರಿಸಿ ಎಸೆದಿದ್ದ ಮೊದಲ ನಲವತ್ತು ಸೆಕೆಂಡಿನಲ್ಲಿ ಅಜ್ಜಿ ಮಾತಾಡಿದ್ದಾರೆ: "ಸೀತ ಆಗ್ಬಾರ್ದು ಅಂತ ಮಗೀನ್ ಎರಡು ಕಿವೀಗೂ ಅತ್ತಿ ಮಡಗಿ ಕುಲಾವಿ ಕಟ್ಟಿವ್ನಿ. ಇನ್ನ ನಿನ್ ಗಂಡ ತಮಟೆ ಬಡುದ್ರೂ ಏಳಾಕಿಲ್ಲ, ಬುಡು." ನೀನು ನಕ್ಕಿದ್ದೀಯ. ನಿನ್ನ ಕಿವಿಯ ಹತ್ತಿ ನನಗೆ ಗೊತ್ತಿತ್ತು, ಅವಳದ್ದು ತಲೆಗೇ ಬರಲಿಲ್ಲ. ಇದರಿಂದ ಎಲ್ಲ ಸರಿಯಾಯಿತು ಅಂತ ಅಲ್ಲ, ಬುಧವಾರ ಹೋಗಿಯೇ ಹೋಗೋಣ. ಆದರೆ ಇವತ್ತು ಹತ್ತಿ ತೆಗೆದು, ಅವಳಿಗೆ ಕಾಣದ ಹಾಗೆ ಹಿಂದೆ ನಿಂತು ಒಂದು ಸಲ ಕರೆ. ತಟ್ಟೆ ಬೇಡ, ಹೆಸರು ಹಿಡಿದು ಕರೆ. ತಿರುಗಿದಳೋ ಇಲ್ಲವೋ ಫೋನಿನಲ್ಲಿ ಹೇಳು, ಸ್ಪೀಕರ್ ಹಾಕಿದ್ದರೂ ಸರಿ, ಅಜ್ಜಿಗೆ ಗೊತ್ತಾದರೂ ಸರಿ. ನಿನ್ನ ಕಿವಿಯ ಹತ್ತಿಯನ್ನೂ ತೆಗೆದುಕೋ, ನಾನು ಒಂದೇ ಮಾತು ಕೇಳುತ್ತೇನೆ. ಸಂಜೆ ಆರು ಗಂಟೆಯಿಂದ ಫೋನು ಕೈಯಲ್ಲೇ ಹಿಡಿದು ಕೂತಿರುತ್ತೇನೆ.