ಕುತ್ತಿಗೆ ನಿಲ್ಲದ ಕೂಸು

ಅವ್ವಾ,

ನನ್ನ ಕೆಲಸ ನೋಡಲೆಂದು ಮೊದಲ ಸಲ ಆಸ್ಪತ್ರೆಗೆ ಬಂದಾಗ ನೀನು ಅಂದದ್ದು ನೆನಪಿದೆಯೇ? "ಇಷ್ಟು ಓದಿ ಕಡೀಗೆ ಕತ್ತಲ ಕೋಣಿ ಸೇರಿದಿ ಬಿಡಬೇ." ಸ್ಕ್ಯಾನ್ ನೋಡುವ ಡಾಕ್ಟರು ನಿನ್ನ ಪಾಲಿಗೆ ಅರ್ಧ ಡಾಕ್ಟರು. ಇದನ್ನು ಓದಿದ ಮೇಲೆ ಉಳಿದರ್ಧವನ್ನೂ ನೀನು ಕೊಡಲೇಬೇಕು.

ಕೊಟ್ಟೂರಿನ ನಮ್ಮ ಓಣಿಯಲ್ಲಿ ನೀನು ಎಣ್ಣೆ ಹಚ್ಚಿ ಎರೆಯದ ಕೂಸು ಯಾವುದಿತ್ತು? ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಿರುತ್ತಿದ್ದೆ. ಎತ್ತಿಕೊಳ್ಳಲು ಬಂದವರು ಯಾರೇ ಇರಲಿ, ಗದರಿಕೆ ಒಂದೇ: "ಕುತ್ತಿಗಿ ಇನ್ನ ನಿಂತಿಲ್ಲ, ಕೈ ಕೊಟ್ಟು ಹಿಡೀಲೇ!"

ಹೋದ ಬೇಸಿಗೆಯಲ್ಲಿ ಕೂಡ್ಲಿಗಿ ಕಡೆಯಿಂದ ಮೂರು ತಿಂಗಳು ತುಂಬದ ಗಂಡು ಕೂಸನ್ನು ತಂದರು. ಫಿಟ್ಸ್ ಬಂದಿತ್ತು. ಮೈಮೇಲೆ ಒಂದು ಗೀರೂ ಇಲ್ಲ. ಕೂಸಿನ ಅಪ್ಪ ಒಂದೇ ಮಾತು ಹಿಡಿದಿದ್ದ: "ಎರಿಯಾಕ ಬರ್ತಿದ್ಲಲ್ರಿ ಗಂಗಜ್ಜಿ, ಕಾಲು ಹಿಡಿದು ತಿರುವ್ಯಾಳ. ಅದಕ್ಕ ಹಿಂಗಾಗೈತಿ." ಪೊಲೀಸರು ಆ ಮುದುಕಿಯನ್ನು ಕರೆಸಿ ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರು. ಜಾರಿ ಬಿದ್ದು ಕೈ ಮುರಿದುಕೊಂಡಿದ್ದ ಅವಳು ವಾರಗಳಿಂದ ಆ ಮನೆಯ ಕಡೆಗೇ ಹೋಗಿರಲಿಲ್ಲ.

ಅವಳನ್ನು ನೋಡಿದಾಗ ನೀನೇ ಕೂತಂತೆ ಕಂಡಿತು, ಸುಳ್ಳು ಯಾಕೆ ಹೇಳಲಿ? ಮನಸ್ಸು ಅವಳ ಕಡೆ ವಾಲಿತು. ಅದಕ್ಕೇ ಏನೂ ಹೇಳದೆ ಇನ್ನೊಬ್ಬ ಡಾಕ್ಟರಿಗೂ ಸ್ಕ್ಯಾನ್ ತೋರಿಸಿದೆ. ಇಬ್ಬರಿಗೂ ಕಂಡದ್ದು ಒಂದೇ: ಮಿದುಳಿನ ಎರಡೂ ಬದಿಗೆ ತೆಳ್ಳಗೆ ಹರಡಿದ ರಕ್ತ. ಹೊಸ ರಕ್ತ ಸ್ಕ್ಯಾನಿನಲ್ಲಿ ಬೆಳ್ಳಗಿರುತ್ತದೆ, ವಾರಗಳು ಕಳೆದರೆ ಕಪ್ಪಾಗುತ್ತದೆ. ಇದು ಬೆಳ್ಳಗೇ ಇತ್ತು. ಕಣ್ಣಿನ ಒಳಪದರದಲ್ಲೂ ರಕ್ತ ಒಸರಿತ್ತು. ರಕ್ತ ಹೆಪ್ಪುಗಟ್ಟುವ ಪರೀಕ್ಷೆಯಲ್ಲಿ ದೋಷವಿರಲಿಲ್ಲ. ಅಂದರೆ ಇದು ತಾನಾಗಿ ಬಂದ ರೋಗವಲ್ಲ, ಈಚೆಗೆ ಯಾರೋ ಕೂಸನ್ನು ಜೋರಾಗಿ ಜಾಡಿಸಿದ್ದರು. ಗಂಗಜ್ಜಿಯ ಮೇಲಿನ ಆರೋಪ ಅಲ್ಲಿಗೇ ಬಿದ್ದುಹೋಯಿತು. ಆದರೆ ಕೈ ಯಾರದೆಂದು ಸ್ಕ್ಯಾನ್ ಹೇಳುವುದಿಲ್ಲವಲ್ಲ ಅವ್ವಾ. ಯಾರೂ ಬಾಯಿ ಬಿಡದಿದ್ದರೆ ಕೂಸು ತಿರುಗಿ ಅದೇ ಕೈಗೆ...

ಆ ತಾಯಿ ನನ್ನೆದುರು ಕೂತ ಗಳಿಗೆಯನ್ನು ಮರೆಯಲಾರೆ. ಇನ್ನೂ ಚಿಕ್ಕ ಹುಡುಗಿ. ಡಾಕ್ಟರ ಭಾಷೆಯಲ್ಲಿ ಏನೇನೋ ಹೇಳಿದೆ, ಸುಮ್ಮನೆ ತಲೆಯಾಡಿಸಿದಳು. ಕೊನೆಗೆ ನಿನ್ನ ಮಾತೇ ಬಾಯಿಗೆ ಬಂತು: "ಕೂಸಿನ ಕುತ್ತಿಗಿ ನಿಂತಿಲ್ಲವ್ವ. ಎತ್ತಿ ಜಾಡಿಸಿದ್ರ ತಲಿ ತಡಕೊಳ್ಳಂಗಿಲ್ಲ, ಒಳಗ ರಕ್ತದ ನರ ಹರೀತಾವ."

ಅವಳು ಸೆರಗು ಕಚ್ಚಿದಳು. "ಅಳು ನಿಲ್ಲವಲ್ದು ಅಂತ ನಮ್ಮ ಮನಿಯವ್ರು ರಟ್ಟಿ ಹಿಡಿದು ಜಾಡಿಸಿದ್ರು ರೀ. ನಾ ಕಂಡೀನಿ. ಹೇಳಿದ್ರ ನನ್ನನ್ನ..."

ಹೇಳಿದಷ್ಟನ್ನು ಪೊಲೀಸರ ಮುಂದೆಯೂ ಹೇಳಿದಳು. ಕೂಸಿನ ಅಪ್ಪನ ಮೇಲೆ ನನಗೆ ಮೈ ಉರಿಯಿತು. ಅವಳನ್ನು ಕಂಡು ಹೆಮ್ಮೆಯಾಯಿತು.

ಈಗ ಅವಳು ಕೂಸಿನೊಡನೆ ಇಟ್ಟಿಗಿ ಊರಿನ ತವರುಮನೆಯಲ್ಲಿದ್ದಾಳೆ. ಮುಂದಿನ ತಿಂಗಳು ಕೋರ್ಟಿನಲ್ಲಿ ನನ್ನ ಸಾಕ್ಷಿ. ವಕೀಲರು ಹೇಗೇ ತಿರುಚಿ ಕೇಳಲಿ, ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ತಿಳಿಯಲಿಲ್ಲ ಎಂದರೆ ನಿನ್ನ ಮಾತು ಇದ್ದೇ ಇದೆ.

ನಿನ್ನೆ ತಪಾಸಣೆಗೆ ಬಂದವಳು ನನ್ನನ್ನೂ ಹುಡುಕಿಕೊಂಡು ಬಂದಳು. ಕೂಸಿನ ಒಂದು ಕಣ್ಣಿನ ದೃಷ್ಟಿ ಹೇಗಾಗುವುದೋ ಇನ್ನೂ ಹೇಳಲಾಗದು. ಕೂಸನ್ನು ಎತ್ತಿಕೊಂಡೆ. ನೀನು ಕಲಿಸಿದ್ದು ಹೋಗುತ್ತದೆಯೇ? ಕೈ ತಾನಾಗಿಯೇ ಅದರ ಕುತ್ತಿಗೆಯ ಹಿಂದೆ ಹೋಯಿತು. ಆ ಹುಡುಗಿ ನಕ್ಕಳು.

"ಕೈ ತಗೀರಿ ಮೇಡಂ. ಕುತ್ತಿಗಿ ನಿಂತೈತಿ."